ಮಂಜುಗಡ್ಡೆಯ ಮೇಲೆ ಕುಪ್ಪಳಿಸಿದ್ದು

ಶಕುನ, ಸೂಚನೆ ಎಂದವರನ್ನು ಗೇಲಿ ಮಾಡಿಕೊಂಡೇ ಬಂದವನು ನಾನು. ಈಗಲೂ ಮಾಡುತ್ತೇನೆ. ಹಾಗೆಂದು ಆರು ವರ್ಷಗಳ ಹಿಂದೆ ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನಲ್ಲಿ ಹಾಡಹಗಲೇ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ. ನಂಬದಿದ್ದರೆ ಬಿಡಿ, ನನಗೇನೂ ಬೇಸರವಿಲ್ಲ.

ಪಕ್ಕದ ಖೋಲಿಯ ಭೀಮಪ್ಪ ಬಾಗಲಕೋಟೆ ಕಡೆಯವನು. ಮೇ ತಿಂಗಳ ಒಂದು ಸಂಜೆ ಎದೆನೋವೆಂದು ಕುಳಿತವನು ಏಳಲೇ ಇಲ್ಲ. ಮಗಳು ನೀಲವ್ವ ಊರಿನಿಂದ ಬಂದು ಮುಖ ನೋಡಬೇಕಿತ್ತು. ಅವಳ ಬಸ್ಸು ತಲುಪುವುದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಹೆಣ ಕೆಡದಿರಲೆಂದು ಬರ್ಫಿನ, ಅಂದರೆ ಮಂಜುಗಡ್ಡೆಯ, ದೊಡ್ಡ ಚಪ್ಪಡಿಗಳನ್ನು ತರಿಸಿ, ಅವುಗಳ ಮೇಲೆ ಅವನನ್ನು ಮಲಗಿಸಿದೆವು.

ಬೆಳಿಗ್ಗೆ ಹತ್ತರ ಹೊತ್ತಿಗೆ ಬರ್ಫಿನ ಮೇಲೆ ಎಳ್ಳಿಗಿಂತ ಸಣ್ಣ ಕರಿ ಚುಕ್ಕೆಗಳು ಕುಪ್ಪಳಿಸತೊಡಗಿದವು.

"ಹುಳಾ ಬಿದ್ದಾವು. ಇನ್ನ ಇಡೂದು ಬ್ಯಾಡ, ಎತ್ತೂಣು," ಎಂದ ಭೀಮಪ್ಪನ ಭಾವಮೈದುನ. ಚಾಳಿನ ಹಿರಿಯರೂ ತಲೆಯಾಡಿಸಿದರು.

ಭೀಮಪ್ಪನ ಹೆಂಡತಿ ಯಲ್ಲವ್ವ ನನ್ನತ್ತ ತಿರುಗಿದಳು. "ನನ್ನ ಮಗಳು ಅಪ್ಪನ ಮಾರಿ ನೋಡಬೇಕ್ರೀ ಅಣ್ಣಾರ."

ನಾನು ಬಗ್ಗಿ ನೋಡಿದೆ. ಮೈಮೇಲೆ ಒಂದೂ ಇಲ್ಲ, ಹೊದಿಸಿದ ಬಟ್ಟೆಯ ಮೇಲೆ ಇಲ್ಲ, ನೆಲದ ಮೇಲೂ ಇಲ್ಲ. ಬೆರಳು ಹತ್ತಿರ ಒಯ್ದರೆ ಚಂಗನೆ ಹಾರಿ ಮತ್ತೆ ಬರ್ಫಿನ ಮೇಲೇ ಇಳಿಯುತ್ತಿದ್ದವು. ಆಗ ನೆನಪಾಯಿತು. ಮುಂಬಯಿಗೆ ಬರುವ ಮೊದಲು ಭೀಮಪ್ಪ ಲಡಾಖಿನಲ್ಲಿ ರಸ್ತೆ ಕೆಲಸಕ್ಕಿದ್ದ. ಅಲ್ಲಿ ಹಿಮದ ಮೇಲೆ ಇಂಥ ಹುಳಗಳು ಕುಣಿಯುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಹೇಳುತ್ತಿದ್ದ. ಬುರುಡೆ ಬಿಡಬೇಡ ಎಂದು ನಾನು ನಕ್ಕಿದ್ದೆ.

ಬಾಗಿಲಿಗೆ ಅಡ್ಡವಾಗಿ ಕುಳಿತುಬಿಟ್ಟೆ. "ಇವು ಹೆಣದ ಹುಳ ಅಲ್ಲ ಮಾರಾಯ್ರೆ. ಮಗಳು ಬರುವವರೆಗೆ ಯಾರೂ ಮುಟ್ಟಬಾರದು."

"ನಿಮಗ ಹೆಂಗ ಗೊತ್ತು?"

"ಭೀಮಪ್ಪನೇ ಹೇಳಿದ್ದು," ಎಂದೆ.

ಬೈದರು, ಹುಚ್ಚ ಎಂದರು. ನಾನು ಜಗ್ಗಲಿಲ್ಲ. ಎರಡು ಗಂಟೆಗೆ ನೀಲವ್ವ ಬಂದಳು, ಅಪ್ಪನ ಕೆನ್ನೆ ಹಿಡಿದು ಮನಸಾರೆ ಅತ್ತಳು. ಆಮೇಲೆ ನೋಡಿದರೆ ಕರಗುತ್ತಿದ್ದ ಬರ್ಫಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಮುಂದೊಮ್ಮೆ ಪರಿಚಯದ ಕಾಲೇಜು ಮೇಷ್ಟ್ರೊಬ್ಬರನ್ನು ಕೇಳಿದೆ. ಹಿಮದ ಮೇಲೆ ಅಂಥ ಜೀವಿಗಳಿರುವುದು ನಿಜ ಎಂದರು. ಆದರೆ ಮೇ ತಿಂಗಳ ಮುಂಬಯಿಯಲ್ಲಿ, ಕಾರ್ಖಾನೆಯ ಬರ್ಫಿನ ಮೇಲೆ? ಮಸಿ ಬಿದ್ದಿರಬೇಕು ಎಂದು ನಕ್ಕರು. ಮಸಿ ಕುಪ್ಪಳಿಸುತ್ತದೆಯೇ ಸ್ವಾಮಿ?

ಅವು ಎಲ್ಲಿಂದ ಬಂದವು, ಎಲ್ಲಿಗೆ ಹೋದವು, ನನಗೆ ಇಂದಿಗೂ ತಿಳಿಯದು. ಮಸಿಯೇ ಆಗಿದ್ದರೂ ಬಾಗಿಲಿಗೆ ಅಡ್ಡ ಕುಳಿತದ್ದಕ್ಕೆ ನಾನು ನಾಚುವುದಿಲ್ಲ. ಆ ಹುಡುಗಿ ಅಪ್ಪನ ಮುಖ ನೋಡಿದಳು.