ಏಳು ಅಥವಾ ಏಳಕ್ಕಿಂತ ಕಡಿಮೆ

ನಮ್ಮ ಆಫೀಸಿನಲ್ಲಿ ಅಕ್ಕ ಅಂದರೆ ಒಬ್ಬರೇ, ಕಿಟಕಿಗೆ ಬೆನ್ನು ಹಾಕಿ ಕೂರುವ ಡೆವಲಪರ್. ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ನಾವು ಮಾಡಿಕೊಡುವ ಸಾಫ್ಟ್‌ವೇರಿನಲ್ಲಿ ಅರ್ಧಕ್ಕರ್ಧ ಅವರು ಬರೆದದ್ದು. ಪಕ್ಕದ ಕುರ್ಚಿ ನನ್ನದು. ನಾನು ಟೆಸ್ಟರ್, ಅಂದರೆ ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಹನ್ನೊಂದು ವರ್ಷದಿಂದ ಅಕ್ಕ ಬರೆಯುವುದು, ನಾನು ಕೊಂಕು ತೆಗೆಯುವುದು, ಅವರು ನನ್ನನ್ನು ಬೈದುಕೊಂಡೇ ತಿದ್ದುವುದು, ಹೀಗೇ ನಡೆದುಬಂದಿತ್ತು.

ಹೊರಗಿನವರು ನಮ್ಮದೇನೋ ಭಾರಿ ಕೆಲಸ ಎಂದುಕೊಳ್ಳುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ಬೆಳಿಗ್ಗೆ ಬಂದರೆ ಕಂಪ್ಯೂಟರು ಅಪ್‌ಡೇಟ್ ಆಗುತ್ತಾ ಕೂತಿರುತ್ತದೆ, ಅದರ ಮುಂದೆ ನಾವೂ ಕೂತಿರುತ್ತೇವೆ. ಹೋದ ವರ್ಷ ಕಷ್ಟಪಟ್ಟು ಕಲಿತ ಟೂಲು ಈ ವರ್ಷ ಬೇಡವಾಗಿರುತ್ತದೆ. ಮ್ಯಾನೇಜರು "ಐದೇ ನಿಮಿಷ ಬನ್ನಿ" ಎಂದು ಮೀಟಿಂಗಿಗೆ ಕರೆದರೆ ಊಟದ ಹೊತ್ತು ದಾಟುತ್ತದೆ. ಬೆನ್ನ ಹಿಂದೆ ಅವರಿಗೆ ಐದುನಿಮಿಷ ಎಂದೇ ಹೆಸರು.

ಹೋದ ವರ್ಷದಿಂದ ಅಕ್ಕನ ಸ್ಕ್ರೀನಿನಲ್ಲಿ ಅಕ್ಷರಗಳು ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಿದ್ದವು. ಕೊನೆಗೆ ಇಡೀ ಸ್ಕ್ರೀನಿಗೆ ಹನ್ನೆರಡೇ ಸಾಲು. ಯಾರಾದರೂ ಹತ್ತಿರ ಬಂದರೆ ಎರಡು ಕೀ ಒತ್ತಿ ತಟ್ಟನೆ ಸಣ್ಣದು ಮಾಡಿಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ.

"ಕಣ್ಣಿನ ನಡುಭಾಗವೇ ಸವೀತಾ ಇದೆಯಂತೆ. ಕನ್ನಡಕ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು ಡಾಕ್ಟ್ರು," ಎಂದರು ಅಕ್ಕ. "ಯಾರಿಗೂ ಹೇಳಬೇಡ ಕಣೋ. ಮಗಳ ಓದು ಮುಗಿಯೋಕೆ ಇನ್ನೆರಡು ವರ್ಷ. ಅಷ್ಟು ದಿನ ದೂಡಿದ್ರೆ ಸಾಕು."

"ನಾನಿದ್ದೀನಲ್ಲ ಅಕ್ಕ. ನೀವು ಬರೆದದ್ದನ್ನ ಎರಡೆರಡು ಸಲ ನೋಡ್ತೀನಿ," ಎಂದೆ. ಮಾತು ಕೊಡುವುದಕ್ಕೇನು, ಬಾಯಿ ನಮ್ಮದೇ.

ಮನೆಯಲ್ಲಿ ಅವರ ಅತ್ತೆಗೂ ವಿಷಯ ಗೊತ್ತಿರಲಿಲ್ಲ. ಅತ್ತೆಗೆ ಮೊದಲೇ ದೃಷ್ಟಿ ಮಂದ, ದಿನಾ ಬೆಳಿಗ್ಗೆ ಸೊಸೆಯೇ ಪೇಪರ್ ಓದಿ ಹೇಳಬೇಕು. ಅಕ್ಕ ತಲೆಬರಹಗಳನ್ನಷ್ಟೇ ಓದಿ ಮಡಚಿಡತೊಡಗಿದರು. "ಇತ್ತೀಚೆಗೆ ಪೇಪರಲ್ಲಿ ಬರೀ ದೊಡ್ಡ ದೊಡ್ಡ ಸುದ್ದೀನೇ ಬರ್ತಿದೆಯಲ್ಲೇ," ಎಂದಿದ್ದರಂತೆ ಆ ಮುದುಕಿ. ಊಟಕ್ಕೆ ಕೂತಾಗ ಇದನ್ನು ಹೇಳಿ ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಮೊನ್ನೆ ಬೆಳಿಗ್ಗೆ ಲ್ಯಾಬಿನಿಂದ ನರ್ಸ್ ಫೋನ್ ಮಾಡಿದರು. ಒಬ್ಬ ಹೆಂಗಸಿನ ಹಿಮೋಗ್ಲೋಬಿನ್ ಸರಿಯಾಗಿ ಏಳು ಬಂದಿದೆ. ಏಳು ಅಥವಾ ಅದಕ್ಕಿಂತ ಕಡಿಮೆ ಬಂದರೆ ರಿಪೋರ್ಟು ಕೆಂಪಾಗಿ, ತಕ್ಷಣ ಡಾಕ್ಟರಿಗೆ ಹೋಗಬೇಕು. ನಮ್ಮ ಸಾಫ್ಟ್‌ವೇರು ಅದನ್ನು ಎಲ್ಲದರ ಜೊತೆ ಸಾಲಿನಲ್ಲಿ ನಿಲ್ಲಿಸಿತ್ತು. ಪುಣ್ಯಕ್ಕೆ ನರ್ಸ್ ಕಣ್ಣಿಗೆ ಬಿದ್ದು, ಅವರೇ ಓಡಿಹೋಗಿ ಡಾಕ್ಟರಿಗೆ ಹೇಳಿ, ಆ ಹೆಂಗಸು ಬದುಕಿಕೊಂಡಳು.

ಐದುನಿಮಿಷ ಎಲ್ಲರನ್ನೂ ಕರೆದು ಗೋಡೆಯ ಸ್ಕ್ರೀನಿನಲ್ಲಿ ಕೋಡ್ ತೆರೆದರು. "ಅಕ್ಕ, ಆ ಸಾಲು ಒಂಚೂರು ಓದಿ."

"ಏಳು ಅಥವಾ ಏಳಕ್ಕಿಂತ ಕಡಿಮೆ ಇದ್ರೆ ಕೆಂಪು," ಅಕ್ಕ ಒಂದಿಷ್ಟೂ ತಡವರಿಸದೆ ಓದಿದರು.

ಎದುರು ಕೂತಿದ್ದ, ಡೇಟಾಬೇಸ್ ನೋಡಿಕೊಳ್ಳುವವರು ಕತ್ತು ಮುಂದೆ ಚಾಚಿದರು. "ಎಲ್ಲಿದೆ ಅಕ್ಕ? ಅಲ್ಲಿರೋದು ಬರೀ 'ಏಳಕ್ಕಿಂತ ಕಡಿಮೆ'. ಸಮ ಚಿಹ್ನೆನೇ ಇಲ್ವಲ್ಲ."

ಅಕ್ಕ ಎದ್ದು ಗೋಡೆಯ ಹತ್ತಿರ ಹೋಗಿ ನಿಂತರು. ಮೂಗು ತಾಗುವಷ್ಟು ಹತ್ತಿರ. ಅವರಿಗೆ ಏನೂ ಕಾಣುತ್ತಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಮೂರು ವಾರದ ಹಿಂದೆ ಆ ಸಾಲನ್ನು ಅವರು ಹೊಸ ಫೈಲಿನಲ್ಲಿ ಮತ್ತೆ ಟೈಪ್ ಮಾಡಿದ್ದರು. ಬೆರಳು ಒಂದು ಕೀಯನ್ನು ಬಿಟ್ಟಿತ್ತು, ಕಣ್ಣು ಅದನ್ನು ಹಿಡಿಯಲಿಲ್ಲ.

ಹಿಡಿಯಬೇಕಾದವನು ನಾನು. ಗಡಿಯ ಮೇಲಿನ ಸಂಖ್ಯೆಯನ್ನೇ ಮೊದಲು ಹಾಕಿ ನೋಡು ಎನ್ನುವುದು ನಮ್ಮ ಕಸುಬಿನ ಒಂದನೇ ಪಾಠ. ಆ ದಿನ ನನ್ನ ಪಟ್ಟಿಯಲ್ಲಿ ಇನ್ನೂ ನಲವತ್ತು ಕೆಲಸ ಬಾಕಿಯಿದ್ದವು, ತಲೆ ಸಿಡಿಯುತ್ತಿತ್ತು. ಆರು ಹಾಕಿದೆ, ಕೆಂಪಾಯಿತು. ಎಂಟು ಹಾಕಿದೆ, ಆಗಲಿಲ್ಲ. ಸರಿಯಿದೆ ಎಂದು ಗುರುತು ಹಾಕಿ ಮುಂದಕ್ಕೆ ಹೋದೆ. ಏಳು ಹಾಕಲಿಲ್ಲ.

"ಹೋಗ್ಲಿ ಬಿಡಿ, ಟೈಪಿಂಗ್ ತಪ್ಪು, ಯಾರಿಗಾದ್ರೂ ಆಗತ್ತೆ," ಎಂದರು ಐದುನಿಮಿಷ. "ಈಗಲೇ ಸರಿಮಾಡಿ ಕಳಿಸಿಬಿಡಿ."

ಎಲ್ಲರೂ ಲ್ಯಾಪ್‌ಟಾಪ್ ಮಡಚತೊಡಗಿದರು. ನಾನೂ ಮಡಚಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಅಕ್ಕನ ಗುಟ್ಟೂ ಉಳಿಯಿತು, ನನ್ನದೂ ಉಳಿಯಿತು.

ಅಕ್ಕ ಮಾತ್ರ ಗೋಡೆಯ ಹತ್ತಿರವೇ ನಿಂತಿದ್ದರು. "ಇದು ಟೈಪಿಂಗ್ ತಪ್ಪಲ್ಲ. ನನಗೆ ಕಣ್ಣು ಕಾಣಲ್ಲ. ಈಗ ಓದಿದ್ದು ನೆನಪಿನಿಂದ, ನೋಡಿಕೊಂಡು ಅಲ್ಲ," ಎಂದರು. "ಮುಂದಿನ ಸಲ ಆ ನರ್ಸ್ ಅಲ್ಲಿ ಇರದಿದ್ರೆ?"

ಐದುನಿಮಿಷ ಮೇಜು ನೋಡುತ್ತಾ ಹೇಳಿದರು: "ಲ್ಯಾಬಿನ ಕೆಲಸ ನಾಳೆಯಿಂದ ಬೇರೆಯವರು ನೋಡ್ಲಿ. ನಿಮ್ಮ ವಿಷಯ ಮೇಲಿನವರ ಹತ್ರ ಮಾತಾಡ್ತೀನಿ." ಹಾಗೆ ಮೇಲಿನವರ ತನಕ ವಿಷಯ ಹೋದವರು ಮತ್ತೆ ಅದೇ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ.

ಇದನ್ನು ಟೆಸ್ಟ್ ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಅಕ್ಕನೂ ನನ್ನ ಹೆಸರೆತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಅಷ್ಟೂ ಆಗಲಿಲ್ಲ.

ಸಂಜೆ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿಳಿಯುವಾಗ ಅಕ್ಕ ಮೊದಲ ಸಲ ನನ್ನ ತೋಳು ಹಿಡಿದುಕೊಂಡರು.

"ಅತ್ತೆಗೆ ಇವತ್ತು ಹೇಳಿಬಿಡ್ತೀನಿ ಕಣೋ."

"ಅವರಿಗೆ ಯಾವಾಗ್ಲೋ ಗೊತ್ತು ಬಿಡಿ ಅಕ್ಕ."

"ಇರಬಹುದು. ಇನ್ನು ರೇಡಿಯೋ ಹಚ್ಚಿಕೊಂಡು ಇಬ್ಬರೂ ಕೂತ್ಕೊಳ್ಳೋದು," ಎಂದು ನಕ್ಕರು. ನಗುವಿನಲ್ಲೂ ದಣಿವಿತ್ತು.

ಇನ್ನು ನನ್ನಿಂದ ತಡೆಯಲಾಗಲಿಲ್ಲ. "ಅಕ್ಕ, ನಾನು ಏಳು ಹಾಕಿ ನೋಡಲೇ ಇಲ್ಲ."

"ಗೊತ್ತು. ನೋಡಿದ್ರೆ ನೀನು ಹಿಡೀದೇ ಬಿಡ್ತಿರಲಿಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮ್ಯಾನೇಜರಿಗೆ ಹೇಳಿದ್ಯಾ?"

"ಇಲ್ಲ."

ಅಕ್ಕ ನನ್ನ ತೋಳು ಬಿಟ್ಟು ಪಕ್ಕದ ಕಂಬಿ ಹಿಡಿದರು. "ಇನ್ನು ಹದಿನಾಲ್ಕು ಮೆಟ್ಟಿಲು, ಎಣಿಸಿಟ್ಟಿದ್ದೀನಿ. ನಾನು ಇಳ್ಕೊಂಡು ಹೋಗ್ತೀನಿ."

ಅವರು ಕೆಳಗಿನ ಬಾಗಿಲು ತಲುಪುವವರೆಗೆ ನಿಂತು ನೋಡಿದೆ. ಆಮೇಲೆ ಮತ್ತೆ ಮೇಲೆ ಹತ್ತಿದೆ. ಮ್ಯಾನೇಜರು ಚೀಲ ಹೆಗಲಿಗೇರಿಸಿ ದೀಪ ಆರಿಸುತ್ತಿದ್ದರು.

"ಸರ್," ಎಂದೆ, "ಐದೇ ನಿಮಿಷ."