ಕುಂಕುಮದೊಳಗಿನ ಬಿಳಿಗಾರ

ಬ್ಯೂನಾ ವಿಸ್ಟಾದ ನಮ್ಮ ಅಡುಗೆಮನೆಯಲ್ಲಿ ಅಂದು ನಾಲ್ವರಿದ್ದೆವು: ನಾನು, ಮೈಸೂರಿನಿಂದ ಬಂದಿದ್ದ ಅತ್ತೆ, ಮೇಲಿನ ಮಹಡಿಯ ಗೆಳತಿ, ಈ ಪರದೇಶದಲ್ಲೇ ಹುಟ್ಟಿ ಬೆಳೆದ ಅವಳ ಮಗಳು. ನವರಾತ್ರಿ ಹತ್ತಿರವಾಗಿತ್ತು. ಅತ್ತೆ ಹೇಳಿಕೊಟ್ಟಂತೆ ಗೆಳತಿ ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ ಬೆರೆಸಿ, ನೆರಳಲ್ಲಿ ಒಣಗಿಸಿ ಕುಂಕುಮ ಮಾಡಿದ್ದಳು. ದಾಸವಾಳದಂಥ ಬಣ್ಣ! ಹಬ್ಬದ ಮಳಿಗೆಯಲ್ಲಿ ಮಾರಲೆಂದು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದೆವು. ಸಾಫ್ಟ್‌ವೇರ್ ಕೆಲಸ ಬಿಟ್ಟ ಮೇಲೆ ಅವಳಿಗೆ ಇದು ತನ್ನದೇ ಆದ ಮೊದಲ ವ್ಯಾಪಾರ.

ಚೀಟಿ ಓದಿದೆ. ‘ಅರಿಶಿನ, ನಿಂಬೆಹಣ್ಣು. ನೂರಕ್ಕೆ ನೂರು ನೈಸರ್ಗಿಕ.’

“ಬಿಳಿಗಾರ ಎಲ್ಲೇ?” ಎಂದೆ.

“ಅಯ್ಯೋ, ಅಡುಗೆಗೆ ಉಪ್ಪು ಹಾಕಿದ್ನೂ ಯಾರಾದ್ರೂ ಅನೌನ್ಸ್ ಮಾಡ್ತಾರಾ?”

“ಮಾಡ್ದಿದ್ರೆ ಬಿಪಿ ಇರೋರ ಗತಿ ಏನು?”

ಗ್ರಂಧಿಗೆ ಅಂಗಡಿಯ ಬಿಳಿಗಾರ ಎಂದರೆ ಬೊರಾಕ್ಸ್. ಅರಿಶಿನ ಕೆಂಪಾಗುವುದೇ ಅದರಿಂದ. ಮೈಗೆ ಹಚ್ಚುವ ವಸ್ತುಗಳಲ್ಲಿ ಅದಕ್ಕೆ ಇಲ್ಲಿ ಮಿತಿಯಿದೆ, ಎಳೆಮಕ್ಕಳಿಗಂತೂ ಕೂಡದು. ಮಾರುವ ಮುಂಚೆ ಸರ್ಕಾರಕ್ಕೆ ತಿಳಿಸಲೂ ಬೇಕು. ನಮ್ಮವರೋ, ಕಂಕುಳ ಕೂಸಿನ ಹಣೆಗೂ ಬೊಟ್ಟಿಡದೆ ಬಿಡುವವರಲ್ಲ.

ಇದನ್ನೆಲ್ಲ ಹೇಳಿದಾಗ ಗೆಳತಿ ಅತ್ತೆಯ ಮುಖ ನೋಡಿದಳು. “ನೀವೇ ಹೇಳಿ ಆಂಟಿ, ಹುಟ್ಟಿದಾಗಿಂದ ಇಟ್ಕೊಂಡಿಲ್ವಾ ನಾವು?”

ಅತ್ತೆ ನಿಧಾನವಾಗಿ ಕನ್ನಡಕ ತೆಗೆದರು. “ನಮ್ಮತ್ತೆ ಹೊಸ ಕುಂಕುಮ ಮಾಡಿದ್ರೆ ಮೊದ್ಲು ತಮ್ಮ ಮೊಣಕೈ ಒಳಗೆ ಹಚ್ಕೊಂಡು ಮಲಗೋರು. ಬೆಳಗ್ಗೆ ಕಡಿತ ಇಲ್ಲ ಅಂದ್ರೇನೇ ಭರಣಿಗೆ ತುಂಬೋರು. ನೀನು ಹಚ್ಕೊಂಡ್ಯೇನಮ್ಮಾ?”

ಗೆಳತಿ ಕೈಯಲ್ಲಿದ್ದ ಚೀಟಿಯನ್ನು ಇನ್ನೊಂದು ಡಬ್ಬಿಗೆ ಒತ್ತಿದಳು. ಮಗಳು ಬಿಡಬೇಕಲ್ಲ! “ಆಫೀಸಲ್ಲಿ ನಿಂದು ಟೆಸ್ಟಿಂಗ್ ಟೀಮ್ ಅಲ್ವಾ ಅಮ್ಮಾ? ಇದನ್ನ ಟೆಸ್ಟ್ ಮಾಡ್ದೇನೇ ರಿಲೀಸ್ ಮಾಡ್ತೀಯಾ? ಕೆನಾಟ್ ಲಾ, ಆಗಲ್ಲ!”

“ಗ್ರೂಪಲ್ಲೆಲ್ಲ ಹೇಳ್ಕೊಂಡ್ಬಿಟ್ಟಿದೀನಿ ಕಣೇ. ಈಗ ಇಲ್ಲ ಅಂದ್ರೆ ನಗ್ತಾರೆ.”

“ನಗ್ಲಿ ಬಿಡು. ಹಣೆ ಉರಿದ್ರೆ ಯಾರೂ ನಗಲ್ಲ,” ಎಂದು ನಾನೇ ಮೊದಲ ಚೀಟಿ ಕಿತ್ತೆ. ಗೋಂದು ಗಟ್ಟಿಯಾಗಿ ಹಿಡಿದಿತ್ತು. ಗೆಳತಿ ಬಿಸಿನೀರಿನ ಬಟ್ಟಲು ತಂದಿಟ್ಟು ತಾನೂ ಕೀಳತೊಡಗಿದಳು. ಆ ವರ್ಷ ನಮ್ಮ ಮಳಿಗೆಯಲ್ಲಿ ಬರೀ ಹೂಬತ್ತಿ, ಗೆಜ್ಜೆವಸ್ತ್ರ.

ಆದರೆ ಅವಳು ಬಿಡಲಿಲ್ಲ. ಕುಂಕುಮವನ್ನು ಲ್ಯಾಬಿಗೆ ಕೊಟ್ಟಳು, ಬಿಳಿಗಾರದ ಪ್ರಮಾಣ ಇಳಿಸಿದಳು, ಬಣ್ಣ ತುಸು ಮಂಕಾದರೂ ಒಪ್ಪಿಕೊಂಡಳು, ಸರ್ಕಾರಕ್ಕೂ ತಿಳಿಸಿದಳು. ಮರುವರ್ಷದ ಡಬ್ಬಿಯ ಮೇಲೆ ಬಿಳಿಗಾರದ ಹೆಸರಿತ್ತು. ಎಳೆಮಕ್ಕಳಿಗಲ್ಲ ಎಂದೂ ಇತ್ತು.

ಮಳಿಗೆಗೆ ಬಂದ ತಾಯಿಯೊಬ್ಬಳು ತನಗೆ ಕುಂಕುಮ ಇಡಿಸಿಕೊಂಡು, ಕೂಸಿನ ಹಣೆಯನ್ನೂ ಮುಂದೆ ಮಾಡಿದಳು. ಗೆಳತಿ ಬೆರಳು ಒರೆಸಿಕೊಂಡು, ಕೂಸಿನ ಟೋಪಿಗೊಂದು ಮಲ್ಲಿಗೆ ಸಿಕ್ಕಿಸಿದಳು.