ಸಲಹೆಗಾರರು ತಿದ್ದಿದ ಮನವಿ

ಕಿವಿಯಿಂದ ಹೊರಗಿಣುಕುವ ಬಿಳಿ ಕೂದಲನ್ನು ಎರಡು ಬೆರಳಲ್ಲಿ ಹೊಸೆಯುತ್ತಾ ಅವರು ಮಾತು ಶುರು ಮಾಡಿದರೆಂದರೆ, ಎದುರಿಗಿದ್ದವರಿಗೆ ಏನೋ ನಷ್ಟ ಕಾದಿದೆ ಎಂದೇ ಅರ್ಥ. ಗುರುಗ್ರಾಮದ ನಮ್ಮ ಅಪಾರ್ಟ್‌ಮೆಂಟಿನ ಕನ್ನಡಿಗರೆಲ್ಲ ಅವರನ್ನು ಸಲಹೆಗಾರರು ಎನ್ನುತ್ತಿದ್ದೆವು. ಕೇಂದ್ರ ಸರ್ಕಾರದಲ್ಲಿ ಜನರ ಆರೋಗ್ಯ ನೋಡಿಕೊಳ್ಳುವ ದೊಡ್ಡ ಹುದ್ದೆಯಲ್ಲಿದ್ದು, ನಿವೃತ್ತಿಯಾದದ್ದೇ ಒಂದು ಮದ್ಯದ ಕಂಪನಿಗೆ ಸಲಹೆ ಕೊಡಲು ಸೇರಿದರು. ಸ್ವತಃ ಒಂದು ಹನಿ ಮುಟ್ಟಿದವರಲ್ಲ. ಊಟದ ಮೇಲೆ ಇಂಗು ಹಾಕಿದ ಮಜ್ಜಿಗೆ, ಏಕಾದಶಿಗೆ ಅದೂ ಇಲ್ಲ. ತಮ್ಮ ಹೊಸ್ತಿಲು ದಾಟಿಸದ ಸರಕನ್ನು ಊರಿಗೆಲ್ಲ ಮಾರಿಸುವ ಆ ಮಡಿ ಎಂಥದ್ದೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

"ಬಾಟಲಿ ಮೇಲೆ ಎಚ್ಚರಿಕೆ ಬೇಡ ಅಂತ ನಾವು ಯಾವತ್ತೂ ಅನ್ನಲ್ಲ," ಎಂದು ಒಮ್ಮೆ ಲಿಫ್ಟಿನಲ್ಲೇ ನನಗೆ ಪಾಠ ಹೇಳಿದ್ದರು. "ಇರಲಿ ಸ್ವಾಮಿ ಅಂತೀವಿ. ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಒಂದು ಸಮಿತಿ ಮಾಡಿ ಅಂತೀವಿ. ಕೂತ ಸಮಿತಿ ಏಳೋದುಂಟೇ!"

ನಮ್ಮ ಗೇಟಿನ ಪಕ್ಕದಲ್ಲೇ ಠೇಕಾ, ಅಂದರೆ ಮದ್ಯದಂಗಡಿ, ತೆರೆಯಿತು. ಮೂರನೇ ಮಹಡಿಯ ಟೀಚರಮ್ಮ ಕುಡಿತ ಬಿಡಿಸುವ ಕೇಂದ್ರದಿಂದ ಗಂಡನನ್ನು ಆಗಷ್ಟೇ ಮನೆಗೆ ಕರೆತಂದಿದ್ದರು. ಆಫೀಸಿನ ಕ್ಯಾಬು ಆತನನ್ನು ಸಂಜೆ ಇಳಿಸುತ್ತಿದ್ದದ್ದು ಸರಿಯಾಗಿ ಆ ಅಂಗಡಿಯ ಮುಂದೆ. ಟೀಚರಮ್ಮ ಮನೆಮನೆ ಅಲೆದು ಜನರನ್ನು ಒಪ್ಪಿಸಿದರು. 'ಅಂಗಡಿ ತೆಗೆಯಬೇಕು' ಎಂಬ ಮನವಿ ಸಿದ್ಧವಾಯಿತು. ಆಮೇಲೆ ದೆಹಲಿ ಕಡೆಯ ನಮ್ಮವರು ಎಂದಿನ ತಪ್ಪನ್ನೇ ಮಾಡಿದರು. ನಮ್ಮಲ್ಲೇ ಆಫೀಸರ್ ಇದ್ದಾರೆ, ಡ್ರಾಫ್ಟ್ ಒಮ್ಮೆ ನೋಡಲಿ ಎಂದರು! ಕುರಿಗಳು ತೋಳಕ್ಕೆ ಬೇಲಿ ತೋರಿಸಿ ಗಟ್ಟಿ ಇದೆಯಾ ನೋಡಿ ಅಂದ ಹಾಗೆ.

ಸಭೆಯಲ್ಲಿ ಸಲಹೆಗಾರರ ಕೈ ಕಿವಿಗೆ ಹೋಯಿತು.

"'ತೆಗೆಯಬೇಕು' ಅನ್ನೋದು ತೀರಾ ಒರಟು ತಾಯಿ. 'ತೆಗೆಯುವ ಬಗ್ಗೆ ಪರಿಶೀಲಿಸಬೇಕು' ಅಂತಿರಲಿ."

ಹಾವೇರಿಯಿಂದ ಬರಿಗೈಲಿ ಬಂದು ಇಲ್ಲಿ ಟೈಲ್ಸ್ ಅಂಗಡಿ ಕಟ್ಟಿದವನು ನಾನು. ಸುಮ್ಮನಿರಲಾಗಲಿಲ್ಲ. "ಸರ್, ಯೋಚನೆ ಮಾಡ್ತೀನಿ ಅಂತ ಎದ್ದುಹೋದ ಗಿರಾಕಿ ತಿರುಗಿ ಬರಲ್ಲ. ತೆಗೆಯಬೇಕು ಅಂತಲೇ ಇರಲಿ."

"ನೀನು ಟೈಲ್ಸ್ ನೋಡ್ಕೋಪ್ಪಾ, ಡ್ರಾಫ್ಟಿಂಗ್ ನನಗೆ ಬಿಡು." ಎಲ್ಲರೂ ನಕ್ಕರು.

ಟೀಚರಮ್ಮ ನಗಲಿಲ್ಲ. "ಸರ್, ಪರಿಶೀಲನೆ ಮುಗಿಯೋವರೆಗೂ ನಮ್ಮ ಯಜಮಾನರು ಯಾವ ದಾರೀಲಿ ಮನೆಗೆ ಬರಬೇಕು?"

"ಅಂಗಡಿ ಯಾರ ಕೈಯನ್ನೂ ಹಿಡಿದು ಎಳೆಯಲ್ಲಮ್ಮ. ಸಂಯಮ ಬೇಕು."

ಮುಂದಿನ ಭಾನುವಾರ ಕಂಪನಿಯ ಖರ್ಚಿನಲ್ಲಿ ನಮಗೆಲ್ಲ ಉಚಿತ ಆರೋಗ್ಯ ತಪಾಸಣೆ. ಬಿಪಿ ನೋಡಿದರು, ಶುಗರ್ ನೋಡಿದರು, ಮಿತಿಯಲ್ಲಿ ಕುಡಿಯುವುದರ ಬಗ್ಗೆ ಡಾಕ್ಟರೊಬ್ಬರು ಭಾಷಣ ಮಾಡಿದರು. ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಸಲಹೆಗಾರರಿಗೆ ಶಾಲು ಹೊದಿಸಿದರು. ಮನವಿ ತಿದ್ದಿದಂತೆಯೇ ಅಬಕಾರಿ ಇಲಾಖೆಗೆ ಹೋಯಿತು, ಪರಿಶೀಲನೆಯಲ್ಲೇ ಉಳಿಯಿತು.

ದೀಪಾವಳಿ ಹೊತ್ತಿಗೆ ಟೀಚರಮ್ಮನ ಗಂಡ ಮತ್ತೆ ಬಾಟಲಿ ಹಿಡಿದಿದ್ದ. ಅಂಗಡಿ ಕದಲದ ಮೇಲೆ ಅವರೇ ಕದಲಿದರು. ಕೆಲಸ ಬಿಟ್ಟು, ಗಂಡನನ್ನು ಕರೆದುಕೊಂಡು ಗ್ರೇಟರ್ ನೋಯ್ಡಾ ಸೇರಿದರು.

ನನ್ನ ಮಾತು ಕೇಳಿ, ಎದುರು ಪಕ್ಷದವನ ಕೈಯಲ್ಲಿ ನಿಮ್ಮ ಕಾಗದ ತಿದ್ದಿಸಬೇಡಿ. ಪುಕ್ಕಟೆ ತಿದ್ದಿಕೊಡುತ್ತೇನೆ ಅಂದರಂತೂ ಬೇಡವೇ ಬೇಡ. ಆ ಪುಣ್ಯಾತ್ಮರಿಂದ ನನಗೆ ದಕ್ಕಿದ್ದು ಇಷ್ಟೇ.

ಹೋದ ಚಳಿಗಾಲ ಸಲಹೆಗಾರರು ನಿದ್ದೆಯಲ್ಲೇ ತೀರಿಕೊಂಡರು. ಸಂತಾಪ ಸಭೆಯಲ್ಲಿ ಎಲ್ಲರ ಬಾಯಲ್ಲೂ ಸಜ್ಜನ, ಸಜ್ಜನ. ನಾನು ಹೊರಗೆ ಬಂದು ಟೀಚರಮ್ಮನಿಗೆ ಫೋನ್ ಮಾಡಿ, ಅವರು ಹೋಗಿಬಿಟ್ಟರು ಎಂದೆ.

"ಅಚ್ಛಾ," ಎಂದರು. "ಠೇಕಾ?"

"ಅಲ್ಲೇ ಇದೆ. ಈಗ ಎಸಿ ಬೇರೆ ಹಾಕಿಸಿದ್ದಾರೆ."

"ಹಾಗಾದ್ರೆ ಹೋದದ್ದು ಯಾರು ಅಣ್ಣಾ?"